ಐದನೇ ತಾರೀಕು ಗದ್ದೆಯಲ್ಲಿ ನಿಂತವರು

30 ಆಗಸ್ಟ್ 2022, ಮಂಗಳವಾರ

ನಿನ್ನೆ ಬೆಳಗಿನ ಐದೂವರೆ ಹೊತ್ತಿಗೆ ಶಿಂಷಾ ಹೊಳೆ ನಮ್ಮ ಗದ್ದೆಯ ಬದು ದಾಟಿತು. ದಂಡೆಯ ಮೇಲಿದ್ದ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ತರಲು ಇವರೂ ಇವರ ತಮ್ಮ ಸಿದ್ದೇಶನೂ ಹೋದರು. ಆರೂಕಾಲಿಗೆ ಸಿದ್ದೇಶ ಒಬ್ಬನೇ ಬಂದ.

ಹತ್ತು ಗಂಟೆಗೆ ಅವನು ಸ್ಟೇಷನ್ನಿಗೆ ಹೊರಟಾಗ, "ಕೊಚ್ಕೊಂಡು ಹೋದ್ರು ಅಂತ ಬರುಸ್ಬೇಡ. ಹೊಳೆ ಕಡೆ ಹೋದೋರು ಬಂದಿಲ್ಲ ಅಂತ ಬರ್ಸು. ನಮಗೆ ಗೊತ್ತಿರೋದು ಅಷ್ಟೇ" ಎಂದೆ.

"ಅತ್ತಿಗೆ, ನಾನು ಅಲ್ಲೇ..." ಎಂದು ಶುರು ಮಾಡಿದ. ಕೊಟ್ಟಿಗೆಯಲ್ಲಿ ಹಸು ಕೂಗಿತು. ಎದ್ದು ಹೋದೆ.

ದೂರಿನ ನಕಲು ಇವತ್ತು ಓದಿದೆ. 'ನನ್ನ ಅಣ್ಣ ಜಯಪ್ರಕಾಶ್ ಬಿನ್ ಲೇಟ್ ನಿಂಗಯ್ಯ, 44 ವರ್ಷ, ಎತ್ತರ ಐದು ಅಡಿ ಏಳು ಇಂಚು, ಹೊಳೆಯ ಕಡೆಗೆ ಹೋದವರು ಮನೆಗೆ ವಾಪಸ್ ಬಂದಿರುವುದಿಲ್ಲ.' ಎತ್ತರ ತಪ್ಪು, ಐದು ಅಡಿ ಎಂಟು. 'ವಾಪಸ್' ಎನ್ನುವುದಕ್ಕೆ ಮೊದಲು 'ಇನ್ನೂ' ಎಂದು ಇರಬೇಕಿತ್ತು.

ಇವತ್ತು ಗೌರಿ ಹಬ್ಬ. ಬಾಗಿನ ತರಬೇಕಿದ್ದ ನಮ್ಮಣ್ಣ ರಸ್ತೆ ಮೇಲೆ ನೀರು ನಿಂತಿದೆ ಎಂದು ಬರಲಿಲ್ಲ. ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿದೆ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿ ಹೋದರು.

ನಾನು ಹಾಲು ಅಳೆಯುವ ಡೈರಿಯಲ್ಲಿ ವರ್ಷಕ್ಕೊಂದು ದಿನಚರಿ ಪುಸ್ತಕ ಕೊಡುತ್ತಾರೆ. ಒಂದು ವರ್ಷವೂ ಬರೆದವಳಲ್ಲ. ಬಂದ ಮೇಲೆ ಇವರು ಒಂದೊಂದೇ ಕೇಳುತ್ತಾರೆ, ಮರೆಯದಿರಲಿ ಎಂದು ಬರೆದಿಡುತ್ತಿದ್ದೇನೆ.

2 ಸೆಪ್ಟೆಂಬರ್, ಶುಕ್ರವಾರ

ಅಗ್ನಿಶಾಮಕದವರು ದೋಣಿ ಎತ್ತಿಕೊಂಡು ಹೋದರು. ವೈದ್ಯನಾಥಪುರದಿಂದ ಕೆಳಕ್ಕೆ ಮೂರು ದಿನ ಹುಡುಕಿದರು. ಮೋಟಾರು ಸಿಕ್ಕಿತು. ಯಾರದೋ ಕರು ಸಿಕ್ಕಿತು. ಇವರು ಸಿಗಲಿಲ್ಲ ಎಂದರೆ ಹೊಳೆಯಲ್ಲಿ ಇಲ್ಲ ಎಂದೇ ಅರ್ಥ. ದಾಟಿ ಆ ಕಡೆ ಹತ್ತಿರಬಹುದು. ಆ ಕಡೆ ಊರುಗಳಿಗೆ ಕರೆಂಟು ಇಲ್ಲ, ಫೋನು ಸಿಗುತ್ತಿಲ್ಲ. ಇವರ ಫೋನಂತೂ ಮನೆಯಲ್ಲೇ ಇದೆ. ದಿನಾ ಚಾರ್ಜಿಗೆ ಹಾಕುತ್ತೇನೆ.

ಅತ್ತೆಯದೇ ಚಿಂತೆ. ಎಪ್ಪತ್ತೊಂದು ವರ್ಷ. ಅವರ ಮುಂದೆ ನಾನು ಗಟ್ಟಿಯಾಗಿರಬೇಕು. ಬುಧವಾರ ಮಧ್ಯಾಹ್ನ "ಮನೇಲಿ ತುಪ್ಪ ಐತಾ ವೀಣಾ?" ಎಂದು ಕೇಳಿದರು. ಮುದ್ದೆಗೆ ಬೇಕಿತ್ತೇನೋ ಎಂದು ಬಟ್ಟಲಲ್ಲಿ ಹಾಕಿಕೊಟ್ಟೆ. ಊಟಕ್ಕೂ ಕೂರದೆ ಬಟ್ಟಲು ಹಿಡಿದುಕೊಂಡು ಜಗಲಿ ಮೇಲೆ ಬಹಳ ಹೊತ್ತು ಕೂತಿದ್ದರು. ಆಮೇಲೆ ತಂದು ಗೂಡಿನಲ್ಲಿಟ್ಟು, "ವಸಿ ಉಣ್ಣವ್ವ. ನೀನು ಉಣ್ಣದೆ ನಾನೆಂಗೆ ಉಣ್ಣನೆ" ಎಂದರು. ವಯಸ್ಸಾದವರಿಗೆ ನೆನಪು ಅಲ್ಲಲ್ಲೇ ತಪ್ಪುತ್ತದೆ.

5 ಸೆಪ್ಟೆಂಬರ್, ಸೋಮವಾರ

ಬೆಳೆ ಹಾನಿ ನೋಡಲು ತಾಲ್ಲೂಕಿನಿಂದ ಬಂದಿದ್ದರು. ಕೃಷಿ ಇಲಾಖೆಯವರೊಬ್ಬರು, ಜೊತೆಗೆ ಸರ್ವೆಗೆಂದೇ ಮಳವಳ್ಳಿ ಕಡೆಯಿಂದ ಕರೆಸಿಕೊಂಡ ಗ್ರಾಮ ಲೆಕ್ಕಾಧಿಕಾರಿ. ಆಶ್ರಿತಾ ಎಂದು ಹೆಸರು, ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ನಮ್ಮೂರು ಹೊಸದು, ಜನ ಹೊಸಬರು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆಯುತ್ತಿದ್ದಳು.

ನಾಟಿ ಹಾಕಿ ಹದಿನಾರು ದಿನವಾಗಿದ್ದ ಪೈರು. ಅದರ ಮೇಲೆ ಮೊಣಕಾಲುದ್ದ ಮರಳು. ನೂರಕ್ಕೆ ಮೂವತ್ತಮೂರು ಭಾಗ ಹಾಳಾಗಿದ್ದರೆ ಪರಿಹಾರ ಎಂದು ಕೃಷಿಯವರು ಎಲ್ಲರಿಗೂ ಹೇಳುತ್ತಿದ್ದರು. ನಮ್ಮದರಲ್ಲಿ ಲೆಕ್ಕ ಹಾಕುವುದು ಏನೂ ಇರಲಿಲ್ಲ. ರೈತರು ತಮ್ಮ ಗದ್ದೆಯಲ್ಲಿ ನಿಲ್ಲಬೇಕು, ಫೋನಿನಲ್ಲಿ ಫೋಟೋ ತೆಗೆಯುತ್ತಾರೆ, ಜಾಗ ಮತ್ತು ಹೊತ್ತು ಅದರಲ್ಲೇ ಮೂಡುತ್ತದೆ.

"ಜಯಪ್ರಕಾಶ್ ಬಿನ್ ನಿಂಗಯ್ಯ. ಇದ್ದಾರಾ?" ಎಂದು ಕೂಗಿದಳು.

ಬದುವಿನ ಮೇಲಿದ್ದ ಏಳೆಂಟು ಜನ ನನ್ನ ಕಡೆ ತಿರುಗಿದರು. ನಾನು "ಇದ್ದಾರೆ" ಎಂದೆ.

ಅವಳು ಕೇಳಿದ್ದು ಇಲ್ಲಿಗೆ ಬಂದಿದ್ದಾರಾ ಎಂದು. ನಾನು ಹೇಳಿದ್ದು ಅದನ್ನಲ್ಲ. ಎರಡಕ್ಕೂ ಇರುವುದು ಒಂದೇ ಮಾತು.

ನನ್ನ ಪಕ್ಕದಲ್ಲಿ ಸಿದ್ದೇಶ ನಿಂತಿದ್ದ, ಇವರ ಮಳೆ ಅಂಗಿ ಹಾಕಿಕೊಂಡು, ಟೋಪಿ ಹಣೆ ತನಕ ಎಳೆದುಕೊಂಡು. "ಸ್ವಲ್ಪ ಒಳಗೆ ಹೋಗಿ ನಿಂತ್ಕೊಳ್ಳಿ ಸಾರ್, ಮರಳು ಕಾಣಲಿ" ಎಂದಳು. ಸಿದ್ದೇಶ ನನ್ನ ಮುಖ ನೋಡಿದ. ನಾನು ಮರಳು ನೋಡಿದೆ. ಅವನು ಹೋಗಿ ನಿಂತ.

ಅವರು ಮುಂದಿನ ಗದ್ದೆಗೆ ಹೋದ ಮೇಲೆ ಹಿಂದಿನಿಂದ ಯಾರೋ, "ಬುಡ್ಲಾ, ಬಾಯ್ ಮುಚ್ಕಂಡಿರು. ಆ ಮನೆಗೆ ಬರಾದು ಬರ್ಲಿ" ಎಂದರು.

ನಾನು ಸುಳ್ಳು ಹೇಳಲಿಲ್ಲ.

14 ಸೆಪ್ಟೆಂಬರ್, ಬುಧವಾರ

ಮಗಳು ದೀಪಿಕಳ ಕನ್ನಡ ಪುಸ್ತಕ ನೋಡಿದೆ. ಒಂಬತ್ತನೇ ತರಗತಿಗೆ 'ನನ್ನ ಕುಟುಂಬ' ಎಂದು ಪ್ರಬಂಧ ಬರೆಸುತ್ತಾರೆ, ಐದನೇ ತರಗತಿಯವರಿಗೆ ಕೊಟ್ಟ ಹಾಗೆ. 'ನನ್ನ ತಂದೆಯವರು ರೈತರಾಗಿದ್ದರು. ನನ್ನನ್ನು ಸೈಕಲ್ಲಿನಲ್ಲಿ ಚಿಕ್ಕರಸಿನಕೆರೆಯ ಶಾಲೆಯವರೆಗೆ ಬಿಡುತ್ತಿದ್ದರು.' ಪೆನ್ಸಿಲಿನಲ್ಲಿ 'ರೈತರು', 'ಬಿಡುತ್ತಾರೆ' ಎಂದು ತಿದ್ದಿದೆ. ಮಿಕ್ಕ ಕಾಗುಣಿತ ಸರಿಯಾಗಿತ್ತು.

ಸಂಜೆ ಅವಳು ನೋಡಿದಳು. "ಅಮ್ಮ, ಮಿಸ್ಸು ರೈಟ್ ಹಾಕಾಗಿತ್ತು" ಎಂದಳು.

"ತಪ್ಪಿಗೂ ರೈಟ್ ಹಾಕ್ತಾರೆ ಒಂದೊಂದ್ಸಲ" ಎಂದೆ.

ರಬ್ಬರು ತಗೊಳ್ಳಲಿಲ್ಲ. ಪುಸ್ತಕ ಮುಚ್ಚಿ ಅವರಜ್ಜಿಯ ಪಕ್ಕ ಹೋಗಿ ಮಲಗಿದಳು.

25 ಸೆಪ್ಟೆಂಬರ್, ಭಾನುವಾರ

ಮಾರ್ಲಮಿ ಹಬ್ಬ. ಹಿರಿಯರಿಗೆ ಎಡೆ ಇಡುವ ದಿನ. ಪ್ರತಿ ವರ್ಷ ಮೂರು ಎಲೆ: ಮಾವನವರಿಗೊಂದು, ಅವರ ಅಪ್ಪ ಅವ್ವನಿಗೆ ಒಂದೊಂದು. ಕಜ್ಜಾಯ ಬೇಯಿಸಿ ಒಳಗೆ ತರುವಷ್ಟರಲ್ಲಿ ಅತ್ತೆ ನಾಲ್ಕು ಎಲೆ ಹಾಸಿದ್ದರು. ನಾಲ್ಕನೆಯದರ ಪಕ್ಕ ಇವರ ಬಿಳಿ ಪಂಚೆ ಮಡಿಸಿಟ್ಟಿದ್ದರು. ಮೂರು ಎಲೆಗೆ ಬದನೆಕಾಯಿ ಪಲ್ಯ ಬಡಿಸಿ ನಾಲ್ಕನೆಯದನ್ನು ಬಿಟ್ಟಿದ್ದರು. ಇವರು ಬದನೆಕಾಯಿ ತಿನ್ನುವುದಿಲ್ಲ.

ಆ ಎಲೆ ಎತ್ತಿದೆ. ಪಂಚೆಯನ್ನು ಬೀರುವಿನಲ್ಲಿಟ್ಟು ಬಂದೆ.

"ಯಾಕವ್ವ ಎತ್ತುದೆ?"

"ನಮ್ಮನೇಲಿ ಮೂರೇ ಅಲ್ವಾ ಅತ್ತೆ."

ಅವರು ದೀಪದ ಬತ್ತಿ ಸರಿ ಮಾಡುತ್ತ, ನನ್ನ ಕಡೆ ನೋಡದೆ ಹೇಳಿದರು. "ಮೂರ್ನೆ ದಿನಕ್ಕೆ ಎಲ್ರಿಗೂ ಹಾಲು ತುಪ್ಪ ಬುಡ್ತಾರೆ. ಮಣ್ ಮಾಡಿದ್ ಜಾಗ್ವೇ ಇಲ್ದೆ ಎಲ್ಲಿ ಬುಡಾನ ಅಂತ ಸುಮ್ನಾದೆ. ಎಡೆನಾರ ಇಕ್ಕಾನ ಅಂದ್ಕಂಡೆ. ನನ್ ಮಗ ಅಸ್ಕಂಡವ್ನೆ ಕಣವ್ವ."

"ಹಸಿವಾದ್ರೆ ಮನೆಗೆ ಬರ್ತಾರೆ" ಎಂದೆ.

ಅತ್ತೆ ಅಲ್ಲಿಗೆ ಬಿಟ್ಟರು. ಪಾಪ, ತೀರ ಕುಗ್ಗಿದ್ದಾರೆ. ಯಾರೋ ಏನೋ ತಲೆಗೆ ತುಂಬಿರಬೇಕು.

13 ಅಕ್ಟೋಬರ್, ಗುರುವಾರ

ಮಧ್ಯಾಹ್ನ ಇವರ ಫೋನಿಗೆ ಮೆಸೇಜು ಬಂತು. ಬೆಳೆ ಪರಿಹಾರ ಇವರ ಖಾತೆಗೆ ಜಮಾ ಆಗಿದೆ. ಹೆಸರು ಸರಿಯಾಗಿ ಬಂದಿದೆ, ಒಂದಕ್ಷರ ತಪ್ಪಿಲ್ಲ.

ಸಂಜೆ ಹಾಲು ಹಾಕಲು ನಿಂತವರಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ವನಜಾಳ ಗದ್ದೆ ನಮ್ಮದರ ಪಕ್ಕದ್ದೇ, ಅಷ್ಟೇ ಮರಳು. ಕ್ಯಾನು ಮುಂದಿಟ್ಟು, "ನಮ್ಮನೇವ್ರು ಬದ್ಕವ್ರೆ, ಅವ್ರಿಗೆ ಬಂದಿಲ್ಲ ಕಣವ್ವ" ಎಂದಳು. ಹಿಂದೆ ನಿಂತಿದ್ದವಳು ಅವಳ ಬೆನ್ನು ಚಿವುಟಿದಳು. "ಏನೇ? ಇರಾದ್ ಅಂದೆ" ಎಂದಳು ವನಜಾ.

ಅವಳ ಹಾಲು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡಿದೆ. ಇಪ್ಪತ್ತೇಳು. ನಿನ್ನೆಗಿಂತ ಒಂದು ಕಡಿಮೆ. ಹಾಗೇ ಬರೆದೆ.

18 ಅಕ್ಟೋಬರ್, ಮಂಗಳವಾರ

ಮದ್ದೂರಿನ ತಾಲ್ಲೂಕು ಕಚೇರಿಯಿಂದ ಬರಹೇಳಿದ್ದರು. ಹಣಕ್ಕೇನೋ ಸಹಿ ಬೇಕಿರಬೇಕು ಎಂದು ಹೋದೆ. ಗುಮಾಸ್ತೆ ಕವಿತ ಎರಡು ಕಡತ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಒಂದರಲ್ಲಿ ನಿಮ್ಮ ಮೈದುನ ಅರ್ಜಿ ಕೊಟ್ಟವ್ರೆ. ಆಗಸ್ಟ್ ಇಪ್ಪತ್ತೊಂಬತ್ತನೇ ತಾರೀಕು ಅಣ್ಣ ಹೊಳೆ ಪಾಲಾದ್ರು, ಮರಣ ಪರಿಹಾರ ಕೊಡ್ಬೇಕು ಅಂತ. ಇನ್ನೊಂದರಲ್ಲಿ ಸೆಪ್ಟೆಂಬರ್ ಐದನೇ ತಾರೀಕು ಅದೇ ಅಣ್ಣ ಗದ್ದೇಲಿ ನಿಂತವ್ರೆ. ಯಾವ್ದಮ್ಮ ನಿಜ?"

ಅರ್ಜಿ ಕೊಟ್ಟ ವಿಷಯ ನನಗೆ ಗೊತ್ತೇ ಇರಲಿಲ್ಲ. ಫೋಟೋ ನೋಡಿದೆ. ಬೆಳಿಗ್ಗೆ 11:42. ಮಳೆಯಲ್ಲಿ ಮುಖ ಮಂಜು. ತೋಳು ದೊಗಲೆ ಕಾಣುತ್ತದೆ. ಇವರಿಗೆ ಆ ಅಂಗಿ ಸರಿಯಾಗಿ ಕೂರುತ್ತಿತ್ತು.

"ನನಗೊಂದು ಪ್ರತಿ ಕೊಡ್ತೀರಾ?" ಎಂದೆ. ಕವಿತ ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. ಕೊಟ್ಟರು.

ಮನೆಗೆ ಬಂದು ಸಿದ್ದೇಶನ ಮೇಲೆ ಕೂಗಾಡಿದೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವನ ಮೇಲೆ ದನಿ ಎತ್ತಿರಲಿಲ್ಲ. ಯಾರನ್ನು ಕೇಳಿ ಅರ್ಜಿ ಕೊಟ್ಟೆ ಎಂದೆ.

"ಅವ್ವುನ್ನ ಕೇಳಿ" ಎಂದ.

20 ಅಕ್ಟೋಬರ್, ಗುರುವಾರ

ಕಚೇರಿಯಲ್ಲಿ ಫೋಟೋ ಸಿಕ್ಕಿಬಿದ್ದದ್ದು ಊರಿಗೆ ಗೊತ್ತಾಗಿದೆ. ಇವರು ಎಲ್ಲೋ ಓಡಿಹೋಗಿದ್ದಾರೆ, ಮನೆಯವರೇ ಮುಚ್ಚಿಟ್ಟಿದ್ದಾರೆ ಎಂದು ಬೇರೆ ಊರಿನವನೊಬ್ಬ ಹೋಟೆಲಿನಲ್ಲಿ ಅಂದನಂತೆ. ಸಿದ್ದೇಶ ಹೊಡೆಯಲು ಹೋದನಂತೆ.

ನನಗೆ ಕೋಪ ಬರಲಿಲ್ಲ. ಓಡಿಹೋದವರು ಎಲ್ಲಾದರೂ ಊಟ ಮಾಡುತ್ತಿರುತ್ತಾರೆ.

28 ಅಕ್ಟೋಬರ್, ಶುಕ್ರವಾರ

ಆಶ್ರಿತಾ ಮನೆ ಹುಡುಕಿಕೊಂಡು ಬಂದಳು. ಅವಳಿಗೆ ನೋಟಿಸು ಕೊಟ್ಟಿದ್ದಾರೆ. ಮುಂದಿನ ತಿಂಗಳು ಏಳನೇ ತಾರೀಕು ನನ್ನ ಹೇಳಿಕೆ ತಗೊಳ್ಳುತ್ತಾರೆ. ಫೋಟೋದಲ್ಲಿರುವವರು ಯಾರು ಎಂದು ನಾನು ಬರೆದುಕೊಡಬೇಕು.

ಅತ್ತೆ ಕಾಫಿ ಕೊಟ್ಟರು. "ಯಾವೂರವ್ವ ನಿಂದು?"

"ಮಳವಳ್ಳಿ ಅಜ್ಜಿ."

"ಮದ್ವೆ ಆಯ್ತಾ?"

"ಇಲ್ಲ."

"ಈ ಕಾಲ್ದಲ್ಲಿ ಗಂಡು ಸಿಕ್ತದೆ, ಸರ್ಕಾರಿ ಕೆಲ್ಸ ಸಿಕ್ಕಲ್ಲ. ಅದ್ನ ಮೊದ್ಲು ಉಳಿಸ್ಕೊ" ಎಂದರು ಅತ್ತೆ. ಹುಡುಗಿ ನಕ್ಕಳು. ನಕ್ಕ ಮೇಲೆ ಕಣ್ಣು ಒರೆಸಿಕೊಂಡಳು.

ಅತ್ತೆ ಒಳಗೆ ಹೋದ ಮೇಲೆ ನನಗೆ ಹೇಳಿದಳು. "ನಾನು ಆಧಾರ್ ನೋಡಬೇಕಾಗಿತ್ತು. ಅವತ್ತು ನಲವತ್ತೊಂದು ಗದ್ದೆ ಇತ್ತು, ನೋಡಲಿಲ್ಲ. ಫೋಟೋದಲ್ಲಿರೋರು ನನ್ನ ಯಜಮಾನರೇ ಅಂತ ನೀವು ಬರೆದುಕೊಟ್ಟರೆ ನನಗೇನೂ ಆಗಲ್ಲ. ಹಾಗೆ ಬರೆದುಕೊಡಿ ಅಂತ ಕೇಳೋಕ್ಕೇ ಮನೆಯಿಂದ ಹೊರಟೆ. ಬಸ್ಸಿಳಿದು ಇಲ್ಲಿಗೆ ನಡೆದು ಬರುವಾಗ ಕೇಳೋಕ್ಕಾಗಲ್ಲ ಅನ್ನಿಸ್ತು."

ಹಾಗೆ ಬರೆದರೆ ಬೆಳೆ ಪರಿಹಾರ ಉಳಿಯುತ್ತದೆ, ಮರಣ ಪರಿಹಾರದ ಕಡತ ಮುಚ್ಚುತ್ತದೆ, ಸಿದ್ದೇಶನ ಮೇಲೆ ಏನೂ ಬರುವುದಿಲ್ಲ. ಇವರು ಕಾಗದದಲ್ಲಿ ಇರುತ್ತಾರೆ. ಅಲ್ಲವೆಂದು ಬರೆದರೆ ಇವಳ ಕೆಲಸಕ್ಕೆ ತೊಂದರೆ, ಸಿದ್ದೇಶನಿಗೂ ತೊಂದರೆ, ಮತ್ತು ಇವರು ಇರುವುದಿಲ್ಲ.

"ಅವತ್ತು ಇದ್ದಾರಾ ಅಂದೆ. ನೀವು ಇದ್ದಾರೆ ಅಂದ್ರಿ" ಎಂದಳು. ಬೈಯುವ ದನಿಯಲ್ಲ. ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡ ಹಾಗೆ.

"ನೀವು ಕೇಳಿದ್ದು ಬೇರೆ" ಎಂದೆ.

"ಈಗ ಗೊತ್ತಾಯ್ತು" ಎಂದಳು.

ಬಸ್ಸಿನವರೆಗೆ ಹೋಗಿ ಬಿಟ್ಟು ಬಂದೆ. ಬಸ್ಸು ಹತ್ತುವಾಗ, ನಿಮಗೆ ಯಾವುದನ್ನು ತಡೆದುಕೊಳ್ಳೋಕ್ಕಾಗುತ್ತೋ ಅದನ್ನು ಬರೆಯಿರಿ ಎಂದಳು. ತಡೆದುಕೊಳ್ಳುವಂಥದ್ದು ಯಾವುದೂ ಇಲ್ಲ.

3 ನವೆಂಬರ್, ಗುರುವಾರ

ಅತ್ತೆ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ಸಿದ್ದೇಶ ಊಟಕ್ಕೆ ಬರಲಿಲ್ಲ. ಹುಡುಗರು ಅವನನ್ನು "ಏನ್ ಜಯಣ್ಣ, ಸಂದಾಗಿದ್ದೀಯಾ?" ಎಂದು ರೇಗಿಸಿದರಂತೆ. ಅಂದಿನಿಂದ ಊರೊಳಗಿನ ದಾರಿ ಬಿಟ್ಟು ಗದ್ದೆ ಬದುವಿನ ಮೇಲೆ ಓಡಾಡುತ್ತಾನೆ. ಅವರ ಮಳೆ ಅಂಗಿ ಗೂಟಕ್ಕೆ ನೇತುಹಾಕಿ ಹೋಗಿದ್ದಾನೆ.

"ಸೋಮ್ವಾರ ಓಗಿ ಏನಂತ ಏಳ್ತೀಯ?" ಅತ್ತೆ ಕೇಳಿದರು.

"ಗೊತ್ತಿಲ್ಲ ಅತ್ತೆ."

"ಪೋಟದಲ್ಲಿರಾದು ಅವ್ನೇ, ಬದ್ಕವ್ನೆ ಅಂತ ಏಳ್ತೀಯ?"

"ನಿಮಗೆ ನೋವಾಗಬಾರ್ದು ಅಂತ..."

ಕೇರುವುದು ನಿಂತಿತು. "ನಂಗಾ?" ಎಂದರು. "ನಂಗೆ ಅವತ್ತೇ ಗೊತ್ತು ಕಣವ್ವ. ಸಿದ್ದ ಬಾಗ್ಲಲ್ಲಿ ಬಂದು ನಿಂತ್ಕಂಡಾಗ್ಲೇ ಗೊತ್ತು. ಇವ್ಳು ತಡಿಯಾಕಿಲ್ಲ ಅಂತ ಬಾಯ್ ಮುಚ್ಕಂಡಿವ್ನಿ. ಎರಡ್ ತಿಂಗ್ಳಾಯ್ತು, ಎತ್ತ ಮಗಂಗೆ ಬಾಯ್ಬುಟ್ಟು ಅತ್ತಿಲ್ಲ ನಾನು. ಕೊಟ್ಗೇಲಿ ಸಗಣಿ ಎತ್ತುವಾಗ ಅಳ್ತೀನಿ, ನಿಂಗೆ ಕೇಳಿಸ್ಬಾರ್ದು ಅಂತ."

ಮತ್ತೆ ಮೊರ ಎತ್ತಿಕೊಂಡರು. ಹುರುಳಿ ಆಗಲೇ ಹಸನಾಗಿತ್ತು. ಆದರೂ ಕೇರುತ್ತಲೇ ಇದ್ದರು.

"ನಾಳೆಯಿಂದ ಸಗಣಿ ನಾನು ಎತ್ತುತ್ತೀನಿ" ಎಂದೆ.

"ಎತ್ತುವಂತೆ ಬುಡು" ಎಂದರು.

6 ನವೆಂಬರ್, ಭಾನುವಾರ

ನಾಳೆ ಹನ್ನೊಂದು ಗಂಟೆಗೆ ಮದ್ದೂರಿನಲ್ಲಿ ಇರಬೇಕು.

ಬೆಳಿಗ್ಗೆ ಬೀರು ಖಾಲಿ ಮಾಡಿದೆ. ಅವರ ಅಂಗಿ ಒಂಬತ್ತು, ಪಂಚೆ ನಾಲ್ಕು, ಒಂದು ಸ್ವೆಟರು. ಸ್ವೆಟರು ಅವರಿಗೆ ಚುಚ್ಚುತ್ತಿತ್ತು, ಆದರೂ ನಾನು ಹೆಣೆದದ್ದು ಎಂದು ಹಾಕಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಕರೆದುಕೊಂಡು ಹೋಗಿದ್ದಾಗಲೂ ಅದನ್ನೇ ಹಾಕಿದ್ದರು. ಹುಣಸೆಮರದ ಕೆಳಗೆ ನಿಂತು ಬೆನ್ನ ಮೇಲೆ ಹಕ್ಕಿ ಹಿಕ್ಕೆ ಬೀಳಿಸಿಕೊಂಡು, "ನೋಡು, ಸರ್ಕಾರದವರು ಮೊಹರು ಹಾಕಿದ್ರು" ಎಂದು ನಗಿಸಿದ್ದರು. ದೀಪಿಕ ಇದನ್ನು ಕೇಳಿರಲಿಲ್ಲ. ಇವತ್ತು ಹೇಳಿದೆ. ಸ್ವೆಟರು ತಾನು ಇಟ್ಟುಕೊಳ್ಳುತ್ತೇನೆ ಎಂದಳು.

ಹೇಳಿಕೆ ಮೂರು ಸಲ ಬರೆದೆ. ಮೂರನೆಯದು ಸರಿಯಾಗಿದೆ. ಫೋಟೋದಲ್ಲಿರುವವರು ನನ್ನ ಮೈದುನ ಸಿದ್ದೇಶ್. ನನ್ನ ಗಂಡ ಜಯಪ್ರಕಾಶ್ ಅವರಲ್ಲ. ಅಧಿಕಾರಿ ಕೇಳಿದಾಗ ಇದ್ದಾರೆ ಎಂದವಳು ನಾನು, ನನ್ನ ಮೈದುನ ಏನೂ ಹೇಳಿಲ್ಲ. ಅಧಿಕಾರಿಯವರು ನನ್ನ ಮಾತನ್ನು ನಂಬಿದರು. ಹಣ ವಾಪಸ್ ಕಟ್ಟಬೇಕೆಂದರೆ ಕಟ್ಟುತ್ತೇವೆ. ಇದರಿಂದ ಆಶ್ರಿತಾಗೆ ಎಷ್ಟು ಅನುಕೂಲವೋ ಗೊತ್ತಿಲ್ಲ. ಸಂಜೆ ಫೋನು ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಕಚೇರಿಯಿಂದ ನಿಮಗೆ ಕಳಿಸಿರೋದರಲ್ಲಿ ಇನ್ನೊಂದು ಹಾಳೆ ಇದೆ, ಅದನ್ನೂ ತುಂಬಿಕೊಂಡು ಬನ್ನಿ, ಇಲ್ಲದಿದ್ದರೆ ಮತ್ತೆ ಅಲೆಸ್ತಾರೆ" ಎಂದಳು.

ಆ ಹಾಳೆ ಮರಣ ಪರಿಹಾರದ್ದು. ಹೆಸರು, ವಯಸ್ಸು, ಸರ್ವೆ ನಂಬರು ಎಲ್ಲ ತುಂಬಿದೆ. ಎತ್ತರ ಐದು ಅಡಿ ಎಂಟು ಎಂದು ಬರೆದೆ. ಕೆಳಗೆ 'ಘಟನೆ ನಡೆದ ವಿವರ' ಎಂದು ಎಂಟು ಗೆರೆ ಬಿಟ್ಟಿದ್ದಾರೆ. ಒಂದು ಗೆರೆಯನ್ನೂ ತುಂಬಲಾಗಲಿಲ್ಲ. ಅರವತ್ತೊಂಬತ್ತು ದಿನವಾಯಿತು, ಅವರು ಹೇಗೆ ಹೋದರೆಂದು ನನಗೆ ಗೊತ್ತಿಲ್ಲ. ಸಿದ್ದೇಶನಿಗೆ ಗೊತ್ತು. ಅವನೊಬ್ಬನಿಗೇ ಗೊತ್ತು. ಇಷ್ಟು ದಿನ ಅದನ್ನು ಒಬ್ಬನೇ ಇಟ್ಟುಕೊಂಡಿದ್ದಾನೆ.

ಬಸ್ಸು ಒಂಬತ್ತೂ ಮುಕ್ಕಾಲಿಗೆ. ಏಳೂವರೆಗೆಲ್ಲ ಹಾಲಿನ ಕೆಲಸ ಮುಗಿಯುತ್ತದೆ. ಬಂದು, ಬದುವಿನ ಮೇಲೆ ಎಲ್ಲಿದ್ದರೂ ಸಿದ್ದೇಶನನ್ನು ಕರೆತಂದು ಜಗಲಿಯ ಮೇಲೆ ಕೂರಿಸುತ್ತೇನೆ. ಅತ್ತೆಯೂ ಪಕ್ಕದಲ್ಲಿ ಇರಲಿ. ಮನೆಯಿಂದ ಹೊರಟ ಕಡೆಯಿಂದ ಹೇಳು ಎನ್ನುತ್ತೇನೆ. ಅವನು ಕೊನೆಯವರೆಗೂ ಹೇಳಲಿ. ಈ ಸಲ ನಡುವೆ ಎದ್ದು ಹೋಗುವುದಿಲ್ಲ.